ಡೈರಿಗೆ ಸಹಿ ಯಾರದು?

ಕಡಲೆಕಾಯಿ ಪರಿಷೆ ಮುಗಿದ ಭಾನುವಾರ ಬಸವನಗುಡಿಯ ಒಂದು ಹಳೆಯ ಮನೆಯ ಜಗಲಿಯಲ್ಲಿ ನಾವು ಹನ್ನೊಂದು ಜನ ಸೇರಿದ್ದೆವು. ಮಲ್ಲೇಶ್ವರದಿಂದ ನಾಲ್ವರು, ಚಾಮರಾಜಪೇಟೆಯಿಂದ ಮೂವರು, ಉಳಿದವರು ಗಾಂಧಿಬಜಾರಿನ ಆಸುಪಾಸಿನವರು. ನಡುವೆ ಹಳೆಯ ಪೇಪರ್ ಹಾಸಿ ಬೇಯಿಸಿದ ಕಡಲೆಕಾಯಿ ಸುರಿದಿತ್ತು. ನಮ್ಮ ಪರಿಚಯ ಶುರುವಾದದ್ದು ಮಾತ್ರ ಅಲ್ಲಲ್ಲ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಕೌಟುಂಬಿಕ ನ್ಯಾಯಾಲಯವೂ ಅಲ್ಲೇ, ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ. ಹೆಸರು ಕೂಗುವವರೆಗೆ ಬೆಂಚಿನ ಮೇಲೆ ಕಾಯುವವರಿಗೆ ಪಕ್ಕದವರ ಸಂಸಾರ ತಿಳಿಯದೇ ಇರುವುದು ಕಷ್ಟ.

ಆ ದಿನ ಒಬ್ಬರು ಚೀಲದಿಂದ ಶಾಲೆಯ ಡೈರಿಯೊಂದನ್ನು ತೆಗೆದು ಪೇಪರಿನ ಮೇಲಿಟ್ಟರು. ಆರು ವರ್ಷದಿಂದ ಅವರು ಹೆಂಡತಿಯ ಮೊದಲ ಮದುವೆಯ ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದಾರೆ. ಹೆಂಡತಿ ಬೆಳಗಿನ ಪಾಳಿಗೆ ಏಳಕ್ಕೇ ಹೊರಡುವುದರಿಂದ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವವರೂ ಇವರೇ. ಡೈರಿಯ ‘ಪೋಷಕರ ಸಹಿ’ ಎಂಬ ಕಡೆ ಇವರು ಹಾಕಿದ್ದ ಸಹಿಗೆ ಶಾಲೆಯವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಪಕ್ಕದಲ್ಲಿ ಒಂದು ಸಾಲು: ತಂದೆ ಅಥವಾ ತಾಯಿಯ ಸಹಿ ಮಾತ್ರ. ಅದರ ಮುಂದಿನ ಪುಟಗಳಲ್ಲೆಲ್ಲ ತಾಯಿಯ ಸಹಿ ಮುದ್ದಾಗಿ ಬಿದ್ದಿದೆ. “ನನ್ನ ಹೆಂಡತಿ ಸಹಿಯನ್ನ ಈಗ ಅವಳಿಗಿಂತ ಚೆನ್ನಾಗಿ ಮಗಳೇ ಹಾಕ್ತಾಳೆ” ಅಂದರು. ಎಲ್ಲರೂ ನಕ್ಕೆವು. ನಮ್ಮ ನಡುವಿನ ವಕೀಲರೊಬ್ಬರು ಮಾತ್ರ ನಗಲಿಲ್ಲ.

ಅವರ ಎದುರಿಗೇ ಕೂತಿದ್ದವರು ಮಲ್ಲೇಶ್ವರದ ಒಬ್ಬ ತಂದೆ. ಅವರ ಮಗಳು ಈಗ ಇನ್ನೊಬ್ಬರನ್ನು ಅಪ್ಪ ಎನ್ನುತ್ತಾಳೆ. ಇವರು ‘ಮಲ್ಲೇಶ್ವರದ ಅಪ್ಪ’. ಎರಡನೇ ಮತ್ತು ನಾಲ್ಕನೇ ಶನಿವಾರ ಸ್ಯಾಂಕಿ ಕೆರೆಯ ಸುತ್ತ ಎರಡು ಸುತ್ತು, ಒಂದು ಬೆಣ್ಣೆ ಮಸಾಲೆ, ಆರು ಗಂಟೆಯೊಳಗೆ ವಾಪಸ್. ಮಗಳ ಹೆಸರಿನ ಮುಂದಿನ ಇನಿಷಿಯಲ್ ಬದಲಾಗಿದೆ ಎಂಬುದು ಅವರಿಗೆ ತಿಳಿದದ್ದು, ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಕಲಾ ಸ್ಪರ್ಧೆಯ ಪ್ರಮಾಣಪತ್ರದಿಂದ.

ಡೈರಿ ತಂದವರೂ ಈ ಮಲ್ಲೇಶ್ವರದ ಅಪ್ಪನೂ ಕೋರ್ಟಿನಲ್ಲಾದರೆ ಎದುರು ಬದುರು ಕೂರಬೇಕಾದವರು. ಇಬ್ಬರೂ ಒಪ್ಪುವ ಒಂದು ಕಾಗದ ಬರೆಯಲಾದರೆ ನಮಗೊಂದು ಚಳವಳಿ ಇದೆ, ಆಗದಿದ್ದರೆ ಕಡಲೆಕಾಯಿ ತಿಂದು ಎದ್ದು ಹೋಗೋಣ ಎಂದು ಅಂದೇ ಮಾತಾಯಿತು. ಈ ಪ್ರಣಾಳಿಕೆ ಆ ಕಾಗದ.

ನಮ್ಮ ನಿಲುವು ಇಷ್ಟು. ತಂದೆಯೋ ತಾಯಿಯೋ ಮರುಮದುವೆಯಾದಾಗ ಮಗುವಿನ ಪಾಲಿಗೆ ದೊಡ್ಡವರೊಬ್ಬರು ಹೆಚ್ಚಾಗಬೇಕು, ಯಾರೂ ಕಡಿಮೆಯಾಗಬಾರದು. ಇಂದಿನ ಕಾನೂನಿಗೆ ಈ ಕೂಡುವ ಲೆಕ್ಕ ಬರುವುದಿಲ್ಲ. ಅದು ಮಲತಂದೆ ಮಲತಾಯಿಯರನ್ನು ಒಂದೋ ದಾರಿಹೋಕರಂತೆ ಹೊರಗೆ ನಿಲ್ಲಿಸುತ್ತದೆ, ಇಲ್ಲವೇ ದತ್ತಕದ ಮೂಲಕ ಒಳಗೆ ಕರೆದು, ಹೆತ್ತ ಇನ್ನೊಬ್ಬರನ್ನು ಹೊರಗೆ ಕಳಿಸುತ್ತದೆ. ನಡುವೆ ಒಂದು ಜಗಲಿ ಇಲ್ಲ.

1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯ 6ನೇ ಕಲಮನ್ನು ನೋಡಿ. ಮಗುವಿನ ಸಹಜ ಪೋಷಕ ಯಾರು? ತಂದೆ, ಅವನ ‘ನಂತರ’ ತಾಯಿ. ಈ ‘ನಂತರ’ ಎಂಬ ಒಂದು ಪದ ಎಷ್ಟು ಹೆಂಗಸರನ್ನು ಕೌಂಟರಿನಿಂದ ವಾಪಸ್ ಕಳಿಸಿದೆಯೋ ಲೆಕ್ಕವಿಲ್ಲ. ಇದನ್ನು ಬರೆಯುತ್ತಿರುವ ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. “ಯಜಮಾನ್ರ ಸಹಿ ಮಾಡಿಸ್ಕೊಂಡು ಬನ್ನಿ” ಎಂದು ನಾನೇ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ಸರ್ಕ್ಯುಲರ್ ಹಾಗೆ ಹೇಳಿತ್ತೋ ಇಲ್ಲವೋ, ರೂಢಿ ಹಾಗಿತ್ತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ತಾವೇ ಪೋಷಕಿಯಾಗಿ ಅರ್ಜಿ ಹಾಕಿದಾಗ, ತಂದೆಯ ಸಹಿ ಬೇಕೆಂಬ ಉತ್ತರ ಬಂತು. ಅವರು ಬಿಡಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ತಂದೆ ಮಗುವಿನ ಹೊಣೆಯಲ್ಲಿ ಇಲ್ಲದಿರುವಾಗ ಎಂದೂ ಅರ್ಥ ಎಂದಿತು. ಒಳ್ಳೆಯದೇ ಆಯಿತು. ಆದರೆ ಕಾಯ್ದೆಯಲ್ಲಿ ಆ ಪದ ಇನ್ನೂ ಹಾಗೇ ಕೂತಿದೆ.

ಅದೇ ಕಲಮಿನಲ್ಲಿ ಪೋಷಕತ್ವ ಕಳೆದುಕೊಳ್ಳುವುದಕ್ಕೆ ಎರಡು ಕಾರಣ ಹೇಳಿದೆ: ಹಿಂದೂ ಆಗಿ ಉಳಿಯದಿದ್ದರೆ, ಅಥವಾ ವಾನಪ್ರಸ್ಥವೋ ಸನ್ಯಾಸವೋ ಹಿಡಿದು ಲೋಕ ಬಿಟ್ಟರೆ. ಮರುಮದುವೆ ಈ ಪಟ್ಟಿಯಲ್ಲಿಲ್ಲ. ನಮ್ಮ ಬೀದಿಗಳಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿದೆ. ಏಕೆಂದರೆ “ಅವಳು ಇನ್ನೊಂದು ಮದುವೆ ಆದ್ಲಲ್ಲ, ಇನ್ನು ಮಗು ಮೇಲೆ ಅವಳಿಗೇನು ಹಕ್ಕು” ಎನ್ನುವ ಮಾತು ಸಮಾರಾಧನೆಯ ಪಂಕ್ತಿಯಲ್ಲಿ ಕೂತು ಆಡುವಷ್ಟು ಸಲೀಸಾಗಿದೆ. ತಾಯಿ ಮರುಮದುವೆಯಾದಳು ಎಂಬುದು ಮಗುವನ್ನು ಅವಳ ಸುಪರ್ದಿಗೆ ಕೊಡದಿರಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಮುಸ್ಲಿಂ ವೈಯಕ್ತಿಕ ಕಾನೂನಿನ ಹಳೆಯ ನಿಯಮದಲ್ಲಿ, ಮಗುವಿಗೆ ಹತ್ತಿರದ ರಕ್ತಸಂಬಂಧಿಯಲ್ಲದವನನ್ನು ತಾಯಿ ಮದುವೆಯಾದರೆ ಅವಳ ಹಿಜಾನತ್, ಅಂದರೆ ಮಗುವನ್ನು ಸುಪರ್ದಿಯಲ್ಲಿಟ್ಟುಕೊಳ್ಳುವ ಹಕ್ಕು, ಹೋಗುತ್ತದೆ. ಇಂದು ಕೋರ್ಟುಗಳು ಅದಕ್ಕಿಂತ ಮಗುವಿನ ಒಳಿತನ್ನು ಮೇಲೆ ಇಡುತ್ತವೆ. ಚಾಮರಾಜಪೇಟೆಯಿಂದ ಬಂದ ನಮ್ಮ ಗೆಳತಿಗೆ ಮಾತ್ರ ಮೊಹಲ್ಲಾದ ಹಿರಿಯರು ಹಳೆಯ ನಿಯಮದ ಅರ್ಧವನ್ನಷ್ಟೇ ಹೇಳಿದ್ದರು.

ಅದೇ 6ನೇ ಕಲಮಿನ ಕೊನೆಯಲ್ಲಿ ಇನ್ನೊಂದು ಪುಟ್ಟ ವಿವರಣೆ ಇದೆ. ತಂದೆ, ತಾಯಿ ಎಂದರೆ ಮಲತಂದೆ, ಮಲತಾಯಿ ಸೇರುವುದಿಲ್ಲ. ಡೈರಿಯ ಕೆಂಪು ಶಾಯಿಯ ಮೂಲ ಇದು. ಹಾಗಾದರೆ ಕೋರ್ಟಿಗೆ ಹೋಗಿ ಪೋಷಕನಾಗಿ ನೇಮಕವಾಗಬಹುದಲ್ಲ ಎಂದರೆ, 1890ರ ಪೋಷಕರು ಮತ್ತು ಆಶ್ರಿತರ ಕಾಯ್ದೆಯ 19ನೇ ಕಲಮು ಅಡ್ಡ ಬರುತ್ತದೆ. ಹೆತ್ತವರಲ್ಲಿ ಒಬ್ಬರು ಬದುಕಿದ್ದು, ಅನರ್ಹರೆಂದು ಕೋರ್ಟಿಗೆ ತೋರದಿದ್ದರೆ, ಬೇರೊಬ್ಬರನ್ನು ನೇಮಿಸುವಂತಿಲ್ಲ. ಅಂದರೆ ಜಡೆ ಹೆಣೆಯುವ ಮನುಷ್ಯನಿಗೆ ಸಹಿ ಸಿಗಬೇಕಾದರೆ ಅವನ ಹೆಂಡತಿ ಅಯೋಗ್ಯಳೆಂದು ಸಾಬೀತಾಗಬೇಕು!

ಉಳಿದದ್ದು ದತ್ತಕ. 1956ರದೇ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಹೆತ್ತ ಇನ್ನೊಬ್ಬರ ಒಪ್ಪಿಗೆ ಬೇಕು. ಆದೀತು, ಬೇಕಾದದ್ದೇ. ಮಗುವಿಗೆ 15 ತುಂಬಿರಬಾರದು. ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯುವುದಾದರೆ ಇಬ್ಬರ ನಡುವೆ ಕನಿಷ್ಠ 21 ವರ್ಷ ಅಂತರ ಇರಬೇಕು. ಬರುವವನಿಗೆ ಮೊದಲೇ ಒಬ್ಬ ಮಗನಿದ್ದರೆ ಹೆಂಡತಿಯ ಮಗನನ್ನು ಈ ಕಾಯ್ದೆಯಡಿ ದತ್ತು ಪಡೆಯುವಂತೆಯೇ ಇಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಹುಡುಗ ಬಂದು ಒಂದೇ ಮಂಚದ ಮೇಲೆ ಮಲಗುವ ಮನೆಗಳಿಗೆ ಇದರಲ್ಲಿ ಉತ್ತರವಿಲ್ಲ. ಯಾವುದೇ ಧರ್ಮದವರಿಗೆ ತೆರೆದಿರುವ 2015ರ ಬಾಲನ್ಯಾಯ ಕಾಯ್ದೆಯ ದಾರಿ ಸ್ವಲ್ಪ ಅಗಲ. ಕೇಂದ್ರದ ದತ್ತಕ ಪ್ರಾಧಿಕಾರದ ಪೋರ್ಟಲಿನಲ್ಲಿ ನೋಂದಣಿ, ಹೆತ್ತವರ ಒಪ್ಪಿಗೆ, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಯ ಆದೇಶ. ದಾರಿ ಯಾವುದಾದರೂ ತಲುಪುವುದು ಒಂದೇ ಕಡೆ: ಮಲ್ಲೇಶ್ವರದ ಅಪ್ಪ ಕಾಗದದ ಮೇಲೆ ಅಪ್ಪನಾಗಿ ಉಳಿಯುವುದಿಲ್ಲ. ಅವರು ಒಪ್ಪಿಗೆ ಕೊಡುವುದಿಲ್ಲ. ಕೊಡಬೇಕೆಂದು ನಾವೂ ಹೇಳುವುದಿಲ್ಲ. ಡೈರಿಗೆ ಸಹಿ ಹಾಕುವ ಸಲುವಾಗಿ ಒಬ್ಬ ತಂದೆಯನ್ನು ಅಳಿಸಬೇಕೇ?

ಹೆತ್ತ ತಂದೆ ತೀರಿಕೊಂಡಿದ್ದರೆ ಮಾತು ಬೇರೆ. 2022ರ ಜುಲೈ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಅಂಥ ಪ್ರಕರಣದಲ್ಲಿ. ವಿಧವೆ ಮರುಮದುವೆಯಾಗಿ ಮಗುವಿಗೆ ಹೊಸ ಗಂಡನ ಕುಲನಾಮ ಕೊಟ್ಟಿದ್ದರು, ಹಳೆಯ ಅತ್ತೆ ಮಾವ ತಕರಾರು ತೆಗೆದಿದ್ದರು. ದಾಖಲೆಗಳಲ್ಲಿ ಈತನನ್ನು ಮಲತಂದೆ ಎಂದೇ ನಮೂದಿಸಬೇಕೆಂದು ಹೈಕೋರ್ಟ್ ಹೇಳಿತ್ತು. ಹಾಗೆ ನಮೂದಿಸುವುದು ಮಗುವಿನ ಮನಸ್ಸಿನ ಪಾಲಿಗೆ ಕ್ರೌರ್ಯವೇ ಸರಿ ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕುಲನಾಮ ಏನಿರಬೇಕೆಂದು ಏಕೈಕ ಸಹಜ ಪೋಷಕಿಯಾದ ತಾಯಿ ತೀರ್ಮಾನಿಸಬಹುದು, ದತ್ತು ಕೊಡಬೇಕೇ ಎಂಬುದನ್ನೂ ಅವಳೇ ತೀರ್ಮಾನಿಸಬಹುದು ಎಂದಿತು.

ಇಷ್ಟೆಲ್ಲ ಬಾಗಿಲು ಮುಚ್ಚುವ ಇದೇ ದೇಶದ ಇನ್ನೊಂದು ಕಾಯ್ದೆ ಓದಿ ನಾವು ಬೆರಗಾದೆವು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ ಪಾಲಕರು ಎಂದರೆ ಹೆತ್ತವರು, ದತ್ತು ಪಡೆದವರು ಮಾತ್ರವಲ್ಲ, ಮಲತಂದೆ ಮಲತಾಯಿಯೂ ಸೇರಿದ್ದಾರೆ. ಮುದುಕನಾದ ಮೇಲೆ ಮಗಳಿಂದ ಅನ್ನ ಕೇಳಲು ಅವನು ಅಪ್ಪ, ಆ ಮಗಳಿಗೆ ಎಂಟು ವರ್ಷವಿದ್ದಾಗ ಪ್ರವಾಸದ ಒಪ್ಪಿಗೆ ಚೀಟಿಗೆ ಸಹಿ ಹಾಕಲು ಯಾರೋ! ಹೊಣೆ ಹೊರಿಸುವಾಗ ಕಾನೂನಿಗೆ ಸಂಬಂಧ ಕಾಣುತ್ತದೆ. ಆಸ್ತಿಗೆ ಬಂದರೆ ಮತ್ತೆ ಕಣ್ಣು ಮಂಜು. ಉತ್ತರಾಧಿಕಾರ ಕಾಯ್ದೆಯ ‘ಮಗ’ ಎಂಬ ಪದದಲ್ಲಿ ಮಲಮಗ ಸೇರುವುದಿಲ್ಲ ಎಂದು 1987ರಲ್ಲೇ ತೀರ್ಪಾಗಿದೆ. ವಿಲ್ ಬರೆಯದೆ ಸತ್ತರೆ, ಸಾಕಿದ ಮಗುವಿಗೆ ಸಾಕಿದವರಿಂದ ಬರುವುದು ಬಹುಮಟ್ಟಿಗೆ ಫೋಟೊ ಮಾತ್ರ.

ಹೀಗಾದದ್ದು ನಿನ್ನೆ ಮೊನ್ನೆಯಲ್ಲ. ಬ್ರಿಟಿಷ್ ಇಂಡಿಯಾದ 1856ರ ವಿಧವಾ ಪುನರ್ವಿವಾಹ ಕಾಯ್ದೆ ಹೆಂಗಸಿಗೆ ಮದುವೆಯ ಬಾಗಿಲು ತೆರೆಯಿತು. ಅದರ 3ನೇ ಕಲಮು, ಅವಳು ಮದುವೆಯಾದೊಡನೆ ಸತ್ತ ಗಂಡನ ಕಡೆಯವರು ಮಕ್ಕಳಿಗೆ ಬೇರೆ ಪೋಷಕರನ್ನು ಕೇಳಬಹುದು ಎಂದಿತು. ಆ ಕಾಯ್ದೆ ಪುಸ್ತಕದಿಂದ ಹೊರಬಿದ್ದದ್ದು 1983ರಲ್ಲಿ. ಇತ್ತ ನಮ್ಮ ಕಡೆ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿದ್ದ ಎಚ್.ವಿ. ನಂಜುಂಡಯ್ಯನವರು ಮೈಸೂರು ಸೀಮೆಯ ಜಾತಿ ಬುಡಕಟ್ಟುಗಳ ಬಗ್ಗೆ ಕಲೆಹಾಕಿದ ವಿವರಗಳಲ್ಲಿ ಕೂಡಿಕೆ ಮದುವೆಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಹೊಸ ಸೀರೆ ಕೊಟ್ಟು, ಗದ್ದಲವಿಲ್ಲದೆ ಮುಗಿಸುವ ಮದುವೆ; ಮೊದಲ ಗಂಡನ ಮಕ್ಕಳು ಸಾಮಾನ್ಯವಾಗಿ ಅವನ ಮನೆಯವರ ಪಾಲು. ಮೇಲ್ಜಾತಿಗಳಲ್ಲಿ ಅಷ್ಟೂ ಇರಲಿಲ್ಲ. 1965ರ ‘ವಂಶವೃಕ್ಷ’ ಕಾದಂಬರಿ ಬಂದಾಗ, ವಿಧವೆ ಕಾತ್ಯಾಯಿನಿ ಮಗುವನ್ನು ಬಿಟ್ಟು ಮದುವೆಯಾದದ್ದು ಸರಿಯೇ ತಪ್ಪೇ ಎಂದು ನಮ್ಮ ಮನೆಯ ಅಡುಗೆಮನೆಯಲ್ಲೂ ಜಗಳವಾಗಿತ್ತಂತೆ. ನಂಜನಗೂಡಿನ ಮನೆಯಲ್ಲಿ ಉಳಿದ ಆ ಮಗುವಿನ ಕಡೆಯಿಂದ ಕಥೆಯನ್ನು ನೋಡಿದವರು ಕಡಿಮೆ.

ನಾನು ಆ ಮಗುವಿನ ಸಾಲಿಗೆ ಸೇರಿದವಳು, ಸ್ವಲ್ಪ ಬೇರೆ ರೀತಿಯಲ್ಲಿ. ನನ್ನ ತಾಯಿ ಹೋದಾಗ ನನಗೆ ನಾಲ್ಕು ವರ್ಷ. ಮಲ್ಲೇಶ್ವರದ ಮನೆಗೆ ಬಂದ ಚಿಕ್ಕಮ್ಮ ನನ್ನನ್ನು ಬೆಳೆಸಿದರು. ನನ್ನ ಲಗ್ನಪತ್ರಿಕೆಯಲ್ಲಿ ಹಿರಿಯರು ‘ದಿವಂಗತ’ ಸೇರಿಸಿ ಅಮ್ಮನ ಹೆಸರು ಹಾಕಿಸಿದರು. ಅದರಲ್ಲಿ ತಪ್ಪಿಲ್ಲ. ಚಿಕ್ಕಮ್ಮನ ಹೆಸರಿಗೆ ಜಾಗ ಸಾಲಲಿಲ್ಲ ಎಂದರು. ಮಂಟಪದಲ್ಲಿ ಅಪ್ಪನ ಪಕ್ಕ ನಿಂತು ನನ್ನ ಕೈಮೇಲೆ ಧಾರೆಯ ನೀರು ಬಿಟ್ಟವರು ಅವರೇ. ಗಿಂಡಿ ಹಿಡಿದ ಕೈ ನಡುಗಿ ನೀರು ನನ್ನ ಸೀರೆಯ ನೆರಿಗೆಗೆಲ್ಲ ಚೆಲ್ಲಿತ್ತು. ಈಗಲೂ ಪೇಪರುಗಳಲ್ಲಿ ‘ರಾಜ್ಯಕ್ಕೆ ಕೇಂದ್ರದ ಮಲತಾಯಿ ಧೋರಣೆ’ ಎಂಬ ತಲೆಬರಹ ಕಂಡರೆ ನನಗೆ ಸಿಟ್ಟು ಬರುತ್ತದೆ. ತಾರತಮ್ಯ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ಸಂಪಾದಕರು ಅದನ್ನು ಬಳಸಲಿ. ನಮ್ಮ ಬೇಡಿಕೆಗಳಲ್ಲಿ ಖರ್ಚಿಲ್ಲದ್ದು ಇದೊಂದೇ.

ಉಳಿದವು ಶಾಸಕಾಂಗಕ್ಕೆ, ಕೋರ್ಟಿಗೆ, ಶಾಲೆ ಆಸ್ಪತ್ರೆಗಳಿಗೆ, ಕೊನೆಗೆ ನಮಗೆ.

ಮೊದಲನೆಯದು ದಿನನಿತ್ಯದ ಅಧಿಕಾರ. ಮಗುವಿನೊಂದಿಗೆ ಒಂದೇ ಸೂರಿನಡಿ ಬಾಳುವ ಮಲತಂದೆ ಅಥವಾ ಮಲತಾಯಿಗೆ ಡೈರಿ, ಪೋಷಕರ ಸಭೆ, ಲಸಿಕೆ, ಜ್ವರ, ಪ್ರವಾಸದ ಚೀಟಿ, ಇಷ್ಟರ ಮಟ್ಟಿಗೆ ಸಹಿ ಹಾಕುವ ಹಕ್ಕು ಕಾನೂನಿನಲ್ಲಿ ಬರೆದಿರಬೇಕು. ಬದುಕಿರುವ ಹೆತ್ತವರಿಬ್ಬರೂ ಒಪ್ಪಿ ಒಂದು ಕಾಗದ ಬರೆದುಕೊಟ್ಟರೆ ಸಾಕಾಗಬೇಕು. ಒಬ್ಬರು ಹಠಕ್ಕೆ ಒಪ್ಪದಿದ್ದರೆ ಕೋರ್ಟು ಮಗುವನ್ನೂ ಕೇಳಿ ತೀರ್ಮಾನಿಸಲಿ. ಇದರಿಂದ ಯಾರ ತಂದೆತನವೂ ತಾಯ್ತನವೂ ಹೋಗಬಾರದು. ಮಗುವಿನ ಆಸ್ತಿಗೆ ಈ ಅಧಿಕಾರ ಕೈ ಹಾಕಬಾರದು. ಇದೇನು ಆಕಾಶದ ಮಾತಲ್ಲ. ಇಂಗ್ಲೆಂಡಿನಲ್ಲಿ 2005ರ ಡಿಸೆಂಬರಿನಿಂದ ಮಲಪಾಲಕರು ಹೆತ್ತವರ ಒಪ್ಪಂದದಿಂದ ಅಥವಾ ಕೋರ್ಟಿನ ಆದೇಶದಿಂದ ಪಾಲಕರ ಹೊಣೆ ಪಡೆಯಬಹುದು, ಹೆತ್ತವರದು ಹಾಗೇ ಉಳಿಯುತ್ತದೆ. ಜರ್ಮನಿಯಲ್ಲಿ 2001ರಿಂದ, ಮಗುವಿನ ಪೂರ್ತಿ ಹೊಣೆ ಹೊತ್ತ ತಂದೆ ಅಥವಾ ತಾಯಿಯನ್ನು ಮದುವೆಯಾದವರಿಗೆ ದಿನನಿತ್ಯದ ವಿಷಯಗಳಲ್ಲಿ ಜೊತೆಗೂಡಿ ತೀರ್ಮಾನಿಸುವ ಹಕ್ಕಿದೆ. ನಮ್ಮದೇ 1860ರ ದಂಡ ಸಂಹಿತೆಗೂ ಈ ಮಾತು ಹೊಳೆದಿತ್ತು. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಮಾಡುವ ಕೆಲಸಕ್ಕೆ ಪೋಷಕರ ಒಪ್ಪಿಗೆ, ಅಥವಾ ಮಗುವನ್ನು ಕಾನೂನುಬದ್ಧವಾಗಿ ನೋಡಿಕೊಳ್ಳುತ್ತಿರುವ ಇನ್ನೊಬ್ಬರ ಒಪ್ಪಿಗೆ ಸಾಕು ಎಂದಿತ್ತು. ಹೊಸ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಹೀಗಿದ್ದೂ ನಡುರಾತ್ರಿ ಮುರಿದ ಮೊಣಕೈ ಹಿಡಿದು ಬಂದ ಹುಡುಗನ ಪಕ್ಕ ನಿಂತವರಿಗೆ ಆಸ್ಪತ್ರೆಯ ಫಾರಂ ಕೇಳುವುದು ಒಂದೇ: ತಂದೆ ಎಲ್ಲಿ?

ಎರಡನೆಯದು ಮಲ್ಲೇಶ್ವರದ ಅಪ್ಪನದು, ಅವರಂತೆಯೇ ದೂರವಿರುವ ತಾಯಂದಿರದು. ಇನ್ನೊಂದು ಕಡೆ ಮದುವೆಯಾಯಿತೆಂದು ಇವರ ಭೇಟಿಯ ದಿನಗಳು ತಾವಾಗಿಯೇ ಕರಗಬಾರದು. ಅಂಕಪಟ್ಟಿ, ಕಾಯಿಲೆ, ಶಾಲೆಯ ಬದಲಾವಣೆ, ಊರು ಬಿಡುವುದು, ಹೆಸರು ಬದಲಿಸುವುದು, ಇವೆಲ್ಲ ಮೊದಲೇ ತಿಳಿಯುವ ಹಕ್ಕು ಇರಬೇಕು. ಅದರ ಜೊತೆಗೇ ಒಂದು ಬಾಧ್ಯತೆ. ಮಾಜಿ ಹೆಂಡತಿ ಮರುಮದುವೆಯಾದರೆ ಅವಳ ಜೀವನಾಂಶ ನಿಲ್ಲಿಸಲು ಕೋರ್ಟನ್ನು ಕೇಳಬಹುದು. ಮಗುವಿನದು ನಿಲ್ಲುವುದಿಲ್ಲ. “ಈಗ ಅವನಿದ್ದಾನಲ್ಲ, ಫೀಸು ಅವನೇ ಕಟ್ಟಲಿ” ಎನ್ನುವವರು ನಮ್ಮ ಜಗಲಿ ಹತ್ತುವ ಮುನ್ನ ಬಾಕಿ ಕಟ್ಟಿ ಬರಲಿ.

ಮೂರನೆಯದರ ಹಿಂದೆ ಚಾಮರಾಜಪೇಟೆಯ ಇನ್ನೊಬ್ಬ ಹೆಂಗಸಿದ್ದಾಳೆ. ಎರಡು ವರ್ಷದ ಕೂಸಾಗಿದ್ದಾಗಿನಿಂದ ಹನ್ನೊಂದು ವರ್ಷ ಒಬ್ಬ ಹುಡುಗನನ್ನು ಸಾಕಿದಳು. ಅವನ ತಾಯಿ ಮೊದಲೇ ತೀರಿಕೊಂಡಿದ್ದಳು. ಗಂಡ ಹೋದ ಮೇಲೆ, ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಗಂಡನ ಅಣ್ಣ ಹುಡುಗನ ಬಟ್ಟೆಬರೆ ಕಟ್ಟಿಸಿದರು. ಹುಡುಗನ ಹಿಂದೆ ಮೂವತ್ತು ನಲವತ್ತರ ಹಳೆಯ ಮನೆಯ ಪಾಲೂ ಹೋಗುತ್ತದೆಂಬುದು ಯಾರಿಗೂ ತಿಳಿಯದ ಗುಟ್ಟೇನಲ್ಲ. ಗಂಡ ಒಂದು ವಿಲ್ ಬರೆದು ಹೆಂಡತಿಯನ್ನು ಪೋಷಕಿ ಎಂದು ಹೆಸರಿಸಿದ್ದರೆ ಆಕೆಯ ಕೈ ಗಟ್ಟಿಯಿರುತ್ತಿತ್ತು. 1956ರ ಪೋಷಕತ್ವ ಕಾಯ್ದೆಯ 9ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಮಗುವಿನ ಜೊತೆ ವರ್ಷಗಟ್ಟಲೆ ಬಾಳಿದವರ ಮಾತು ಕೇಳದೆ, ಮಗುವಿನ ಮಾತು ಕೇಳದೆ, ಯಾರೂ ಅದನ್ನು ಆ ಮನೆಯಿಂದ ಎತ್ತಿಕೊಂಡು ಹೋಗಬಾರದೆಂದು ನಮ್ಮ ಬೇಡಿಕೆ. ಪೋಷಕತ್ವ ಬೇರೆ, ಸುಪರ್ದಿ ಬೇರೆ ಎಂಬುದನ್ನು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಬಿಡಿಸಿ ಹೇಳಿದೆ. ಅಲ್ಲಿ ಹೆಂಡತಿ ತೀರಿಕೊಂಡು ತಂದೆ ಮರುಮದುವೆಯಾಗಿದ್ದ. ಸಹಜ ಪೋಷಕ ಅವನೇ ಆಗಿದ್ದರೂ, ಮಧ್ಯಂತರದಲ್ಲಿ ಮಕ್ಕಳು ತಾಯಿಯ ತವರಿನವರ ಬಳಿ ಇರುವುದೇ ಅವರಿಗೆ ಒಳಿತೆಂದು ಕೋರ್ಟ್ ಕಂಡುಕೊಂಡಿತು. ಆ ಅಳತೆಗೋಲನ್ನು ಸಾಕಿದವರಿಗೂ ಹಿಡಿಯಿರಿ.

ತಾಯಿ ತಂದೆ ಇಬ್ಬರೂ ಸಮಾನ ಸಹಜ ಪೋಷಕರಾಗಲಿ ಎಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಹೊಸದಾಗಿ ಸಮಿತಿ ಬೇಡ, ಅದನ್ನು ಜಾರಿ ಮಾಡಿದರೆ ಸಾಕು.

ಇನ್ನು ನಾವೇ ಮಾಡಬಹುದಾದದ್ದು. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಕರಾರುಗಳನ್ನು ಒಂದು ಸಂಜೆ ಹರಡಿಕೊಂಡು ಓದಿದೆವು. ಒಂದರಲ್ಲಿ ಬೆಳ್ಳಿ ಪಂಚಪಾತ್ರೆಯಿಂದ ಹಿಡಿದು ವಾಷಿಂಗ್ ಮೆಷಿನ್ ತನಕ ಒಂದೂವರೆ ಪುಟ ಪಟ್ಟಿ, ಮಗುವಿಗೆ ನಾಲ್ಕು ಸಾಲು. ನಾಳೆ ಇಬ್ಬರಲ್ಲೊಬ್ಬರು ಮದುವೆಯಾದರೆ ಏನು ಎಂಬುದರ ಬಗ್ಗೆ ಒಂದು ಅಕ್ಷರವಿಲ್ಲ. ಆ ಹೊತ್ತಿನಲ್ಲಿ ಕೇಳುವುದು ಅಪಶಕುನವೆಂದು ವಕೀಲರೂ ಬಿಡುತ್ತಾರೆ. ಇನ್ನು ಮುಂದೆ ಕೇಳಿ. ಹೊಸಬರಿಗೆ ಎಷ್ಟು ಅಧಿಕಾರ, ಭೇಟಿ ಹೇಗೆ, ಹೆಸರು ಯಾವುದು, ಒಂದು ಪುಟ ಬರೆದುಕೊಳ್ಳಿ. ಮಾದರಿ ಕರಾರನ್ನು ನಮ್ಮ ವಕೀಲ ಗೆಳೆಯರು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದಾರೆ.

ಬರುವವರೆಲ್ಲ ಒಳ್ಳೆಯವರೇ ಆಗಿರುತ್ತಾರೆಂದು ನಾವು ಭ್ರಮಿಸಿಲ್ಲ. ಹೊಡೆಯುವ ಮಲತಂದೆಯರಿದ್ದಾರೆ, ಹೊಡೆಯುವ ಹೆತ್ತ ತಂದೆಯರೂ ಇದ್ದಾರೆ. ನಾವು ಕೇಳುವ ಅಧಿಕಾರ ಮದುವೆಯ ಮರುದಿನವೇ ಸಿಗುವಂಥದಲ್ಲ, ಕೊಟ್ಟ ಮೇಲೆ ಹಿಂಪಡೆಯಲಾಗದ್ದೂ ಅಲ್ಲ. ಹಿಂಸೆಯ ಮನೆಗೆ ಮಗುವನ್ನು ಬಲವಂತದ ಭೇಟಿಗೆ ಕಳಿಸಬೇಕೆಂದೂ ನಾವು ಕೇಳುತ್ತಿಲ್ಲ.

ನಮ್ಮಲ್ಲಿ ಬಗೆಹರಿಯದೆ ಉಳಿದದ್ದು ಒಂದಿದೆ: ಇನಿಷಿಯಲ್. ಡೈರಿಯವರು, ಮಗು ದಿನಾ ಕರೆಯುವ ಅಪ್ಪನ ಹೆಸರಿರಲಿ ಎನ್ನುತ್ತಾರೆ. ಮಲ್ಲೇಶ್ವರದ ಅಪ್ಪ, ತಾನು ಬದುಕಿರುವವರೆಗೆ ಅದನ್ನು ಮುಟ್ಟಬೇಡಿ ಎನ್ನುತ್ತಾರೆ. ಎರಡೂ ಇರಲಿ ಎಂದು ನಾನೆಂದೆ. ಅಷ್ಟುದ್ದದ ಹೆಸರು ಓಎಂಆರ್ ಹಾಳೆಯಲ್ಲಿ ಹಿಡಿಸುವುದಿಲ್ಲ ಎಂದು ಒಳಗಿನಿಂದ ಹದಿಮೂರರ ಹುಡುಗಿಯೊಬ್ಬಳು ಕೂಗಿದಳು. ಈ ಕಾರಣಕ್ಕೇ ನಮ್ಮ ಬಳಗಕ್ಕೂ ಇನ್ನೂ ಹೆಸರಿಟ್ಟಿಲ್ಲ. ಉಳಿದುದಕ್ಕೆಲ್ಲ ಇಬ್ಬರೂ ಕೆಳಗೆ ಸಹಿ ಹಾಕಿದ್ದಾರೆ, ಒಂದೇ ಪೆನ್ನಿನಲ್ಲಿ.

ಮುಂದಿನ ಸಭೆ ಬರುವ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಚಾಮರಾಜಪೇಟೆಯ ಮಕ್ಕಳಕೂಟದ ಉದ್ಯಾನದಲ್ಲಿ. ಬಾಲವಿಧವೆಯಾಗಿ, ‘ಸರಸ್ವತಿ’ ಪತ್ರಿಕೆ ನಡೆಸುತ್ತ, ಊರಿನ ಮಕ್ಕಳಿಗಾಗಿ ಮಕ್ಕಳಕೂಟ ಕಟ್ಟಿದ ಆರ್. ಕಲ್ಯಾಣಮ್ಮನವರ ಜಾಗ ಅದು. ಕೋರ್ಟಿನ ಆದೇಶವಿದ್ದರೆ ಜೆರಾಕ್ಸ್ ತನ್ನಿ, ಒರಿಜಿನಲ್ ಬೇಡ. ಶಾಲೆಯ ಡೈರಿ ತನ್ನಿ. ಮಕ್ಕಳನ್ನೂ ಕರೆತನ್ನಿ, ಅವರು ಆಡುವ ಕಡೆ ಒಂದು, ನಾವು ಕೂರುವ ಕಡೆ ಒಂದು, ನಡುವೆ ಮಾತು ಕೇಳಿಸದಷ್ಟು ದೂರವಿದೆ, ನಡೆದು ನೋಡಿ ಬಂದಿದ್ದೇವೆ.